ಎಕ್ಸ್-ರೇಯಲ್ಲಿ ಕಂಡ ಕಲೆ: ಕ್ಷಯವೋ, ಕ್ಯಾನ್ಸರೋ?

ಸಭಿಕರೆಲ್ಲರಿಗೂ ನಮಸ್ಕಾರ.

ಯಾರಿಗಾದರೂ ಶ್ವಾಸಕೋಶದ ಕ್ಯಾನ್ಸರ್ ಬಂದಿದೆ ಎಂದರೆ ನಾವು ಮೊದಲು ಕೇಳುವುದು, "ಬೀಡಿ, ಸಿಗರೇಟು ಸೇದುತ್ತಿದ್ದರೇ?" ಎಂದು. ವೈದ್ಯರು ಕೇಳಲೇಬೇಕಾದ ಪ್ರಶ್ನೆ ಅದು. ನೆಂಟರು ಕೇಳುವಾಗ ಮಾತ್ರ ಅದು ರೋಗಿಯ ಮೇಲೆ ಹೊರಿಸುವ ಆರೋಪವಾಗಿಬಿಡುತ್ತದೆ.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಇವಾರ್ಟ್ಸ್ ಗ್ರಹಾಂ ಎಂಬ ಶಸ್ತ್ರವೈದ್ಯರಿದ್ದರು. ಕ್ಯಾನ್ಸರ್ ಆದ ಒಂದು ಇಡೀ ಶ್ವಾಸಕೋಶವನ್ನೇ ತೆಗೆದು ರೋಗಿಯನ್ನು ಉಳಿಸಿದ್ದು ಅವರು, 1933ರಲ್ಲಿ. ಸ್ವತಃ ವಿಪರೀತ ಸಿಗರೇಟು ಸೇದುತ್ತಿದ್ದ ಅವರಿಗೆ ಧೂಮಪಾನದಿಂದ ಈ ಕಾಯಿಲೆ ಬರುತ್ತದೆ ಎಂಬ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಆದರೂ ವಿಂಡರ್ ಎಂಬ ವಿದ್ಯಾರ್ಥಿಯ ಜೊತೆಗೂಡಿ ರೋಗಿಗಳ ಮಾಹಿತಿ ಕಲೆಹಾಕಿದರು. 1950ರಲ್ಲಿ ಪ್ರಕಟವಾದ ಆ ಅಧ್ಯಯನ ಅವರ ಅನುಮಾನವನ್ನು ಅಳಿಸಿತು. ಸಿಗರೇಟು ಬಿಟ್ಟರು, ಆದರೆ ತಡವಾಗಿತ್ತು. 1957ರಲ್ಲಿ ಅದೇ ಕಾಯಿಲೆಯಿಂದ ತೀರಿಕೊಂಡರು. ಅವರು ಉಳಿಸಿದ ಆ ರೋಗಿ ಆಗಲೂ ಬದುಕಿದ್ದರು.

ತಂಬಾಕಿನ ಹೊಗೆಯಲ್ಲಿ ಕ್ಯಾನ್ಸರ್‌ಕಾರಕ ರಾಸಾಯನಿಕಗಳೇ ಸುಮಾರು 70 ಇವೆ. ಬೀಡಿ ಎಲೆಯದ್ದು, ಸೊಪ್ಪಿನದ್ದು, ಹಾಗಾಗಿ ಸೌಮ್ಯ ಎಂದು ನಂಬುವವರು ಇನ್ನೂ ಇದ್ದಾರೆ. ಬೀಡಿ ಬೇಗ ಆರುತ್ತದೆ. ಆರದಂತೆ ನೋಡಿಕೊಳ್ಳಲು ಮತ್ತೆ ಮತ್ತೆ, ಆಳವಾಗಿ ಎಳೆಯಬೇಕು. ಸೌಮ್ಯದ ಮಾತು ಅಲ್ಲಿಗೆ ಮುಗಿಯಿತು. ಇನ್ನು, ಎಂದೂ ಸೇದದವರಿಗೂ ಈ ಕಾಯಿಲೆ ಬರುತ್ತದೆ. ಮನೆಯವರು ಸೇದಿ ಬಿಟ್ಟ ಹೊಗೆ, ಕಲ್ನಾರಿನ ದೂಳು, ನೆಲದಿಂದ ಹೊಮ್ಮುವ ರೇಡಾನ್ ಅನಿಲ ಇವೆಲ್ಲ ಕಾರಣಗಳೇ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಹೊರಗಿನ ವಾಯುಮಾಲಿನ್ಯವನ್ನೂ ಈ ಪಟ್ಟಿಗೆ ಸೇರಿಸಿತು. ಸೌದೆ ಒಲೆಯ ಹೊಗೆಯ ಮೇಲೂ ಬಲವಾದ ಅನುಮಾನವಿದೆ.

ನಾನು ಇವತ್ತು ಒತ್ತಿ ಹೇಳಬೇಕೆಂದುಕೊಂಡು ಬಂದದ್ದು ಬೇರೆಯೇ ಇದೆ. ಬಿಡದ ಕೆಮ್ಮು, ಕಫದಲ್ಲಿ ರಕ್ತ, ಇಳಿಯುವ ತೂಕ, ಆಗಾಗ ಜ್ವರ, ಎಕ್ಸ್-ರೇಯಲ್ಲಿ ಒಂದು ಕಲೆ. ಇದು ಟಿಬಿಯ ಚಿತ್ರ. ಶ್ವಾಸಕೋಶದ ಕ್ಯಾನ್ಸರಿನ ಚಿತ್ರವೂ ಇದೇ. ನಮ್ಮ ದೇಶದಲ್ಲಿ ಟಿಬಿ ಹೆಚ್ಚು, ಆದ್ದರಿಂದ ವೈದ್ಯರ ಯೋಚನೆ ಮೊದಲು ಅತ್ತ ಹರಿಯುವುದು ಸಹಜ. ಆದರೆ ಕಫದಲ್ಲಿ ಕ್ಷಯಾಣು ಸಿಗದಿದ್ದರೂ ಬರಿಯ ಎಕ್ಸ್-ರೇ ನೋಡಿ ಮಾತ್ರೆ ಶುರುವಾಗುತ್ತದೆ. ಕೋರ್ಸ್ ಆರು ತಿಂಗಳು. ಕಲೆ ಕರಗುವುದಿಲ್ಲ, ರೋಗಿ ಸೊರಗುತ್ತಾನೆ, "ಕೋರ್ಸ್ ಮುಗಿಯಲಿ" ಎಂದು ಎಲ್ಲರೂ ಕಾಯುತ್ತಾರೆ. ಶಸ್ತ್ರಚಿಕಿತ್ಸೆಗೆ ಒಗ್ಗುತ್ತಿದ್ದ ಗೆಡ್ಡೆ ಅಷ್ಟರಲ್ಲಿ ಮೂಳೆಗೋ ಮಿದುಳಿಗೋ ಹಬ್ಬಿರಬಹುದು. ದಯವಿಟ್ಟು ಕೇಳಿ: "ಕಫದಲ್ಲಿ ಟಿಬಿ ಖಚಿತವಾಗಿದೆಯೇ? ಇಲ್ಲದಿದ್ದರೆ ಸಿಟಿ ಸ್ಕ್ಯಾನ್, ಬಯಾಪ್ಸಿ ಯಾವಾಗ?" ಹೀಗೆ ಕೇಳುವುದು ವೈದ್ಯರಿಗೆ ಮಾಡುವ ಅವಮಾನವೇನಲ್ಲ. ಬಯಾಪ್ಸಿ ಎಂದರೆ ಕಲೆ ಕಂಡ ಜಾಗದಿಂದ, ಸಾಮಾನ್ಯವಾಗಿ ಸೂಜಿ ಹಾಕಿ, ಒಂದು ಚೂರು ತೆಗೆದು ಪರೀಕ್ಷಿಸುವುದು. ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಹೆದರಿಕೆಯಿಂದ ಬಯಾಪ್ಸಿ ಮುಂದೂಡುವ ಕುಟುಂಬಗಳೂ ಇವೆ. ಆ ಮುಂದೂಡಿಕೆಯಿಂದ ಆಗುವ ಹಾನಿಯೇ ದೊಡ್ಡದು.

ಬಯಾಪ್ಸಿ ಇಲ್ಲದೆ ಚಿಕಿತ್ಸೆಯನ್ನು ನಿರ್ಧರಿಸಲಾಗದು. ನೂರರಲ್ಲಿ ಸುಮಾರು 15 ರೋಗಿಗಳಲ್ಲಿ ಇರುವುದು ಸಣ್ಣ ಕೋಶದ ಬಗೆ. ಬಲು ಬೇಗ ಹರಡುತ್ತದೆ, ಕೀಮೋ ಮತ್ತು ರೇಡಿಯೇಶನ್ನೇ ಮುಖ್ಯ ಆಸರೆ. ಉಳಿದವು ಆರಂಭದಲ್ಲೇ ಸಿಕ್ಕರೆ ಶಸ್ತ್ರಚಿಕಿತ್ಸೆ. ಹರಡಿದ್ದರೆ ಗೆಡ್ಡೆಯ ಜೀನ್ ಪರೀಕ್ಷೆ ಮಾಡಿಸುತ್ತಾರೆ. ಇಜಿಎಫ್‌ಆರ್ ಎಂಬ ಜೀನಿನ ಬದಲಾವಣೆ ಏಷ್ಯಾದವರಲ್ಲಿ, ಅದರಲ್ಲೂ ಸೇದದವರಲ್ಲಿ ಹೆಚ್ಚು. ಅದು ಕಂಡುಬಂದರೆ ಜೆಫಿಟಿನಿಬ್, ಓಸಿಮರ್ಟಿನಿಬ್‌ನಂಥ ಮಾತ್ರೆಗಳನ್ನು ಮನೆಯಲ್ಲೇ ನುಂಗಬಹುದು. ಕಾಯಿಲೆ ಬೇರುಸಹಿತ ಹೋಗುವುದಿಲ್ಲ, ಆದರೆ ಉಸಿರಾಟ ಹಗುರಾಗಿ ರೋಗಿ ಮತ್ತೆ ಕೆಲಸಕ್ಕೆ ಹೋಗುವಂತಾಗುವುದುಂಟು. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ತಿರುಗಿಸುವ ಇಮ್ಯುನೋಥೆರಪಿಯೂ ಬಂದಿದೆ, ಬೆಲೆ ಮಾತ್ರ ಬಹುಪಾಲು ಕುಟುಂಬಗಳ ಕೈಗೆಟುಕದು.

"ಕ್ಯಾನ್ಸರ್ ಬಂದಾಯಿತು, ಇನ್ನು ಬೀಡಿ ಬಿಟ್ಟೇನು ಲಾಭ?" ಎನ್ನುವವರಿಗೆ ಒಂದು ಮಾತು. ಆಗ ಬಿಟ್ಟರೂ ಶಸ್ತ್ರಚಿಕಿತ್ಸೆಯ ಗಾಯ ಬೇಗ ಮಾಯುತ್ತದೆ, ರೇಡಿಯೇಶನ್‌ನ ಅಡ್ಡಪರಿಣಾಮ ತಗ್ಗುತ್ತದೆ, ಬದುಕುವ ಕಾಲವೂ ಹೆಚ್ಚುತ್ತದೆ.