ಬ್ರೂಸ್ ಸ್ಪ್ರಿಂಗ್‌ಸ್ಟೀನ್: ನನ್ನ ವೋಟು ಜೇಬಿನಲ್ಲಿದ್ದ ಆ ಕ್ಯಾಸೆಟ್ಟಿಗೆ

ನಮಸ್ಕಾರ. ಇವತ್ತು ಜಗಳಕ್ಕೆಂದೇ ಒಂದು ವಿಷಯ ತಂದಿದ್ದೇನೆ. ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಆಲ್ಬಂಗಳಲ್ಲಿ ಬೆಸ್ಟ್ ಯಾವುದು?

ತುಂಬಾ ಜನ 1975ರ 'ಬಾರ್ನ್ ಟು ರನ್' ಅಂತಾರೆ. ಪಿಯಾನೊ, ಗಿಟಾರ್, ಸ್ಯಾಕ್ಸೊಫೋನ್ ಎಲ್ಲ ಒಟ್ಟಿಗೆ ನುಗ್ಗಿ ಬರುವ ಆಲ್ಬಂ. ತಪ್ಪು ಅನ್ನೋಕಾಗಲ್ಲ. ಇನ್ನು ಕೆಲವರಿಗೆ 1984ರ 'ಬಾರ್ನ್ ಇನ್ ದ ಯುಎಸ್‌ಎ'. ಅದೊಂದರಿಂದಲೇ ಏಳು ಹಾಡು ಅಮೆರಿಕದ ಟಾಪ್ 10ರೊಳಗೆ ಹೋದವು. ಆದರೆ ಅದರ ಸಿಂಥಸೈಜರ್ ಸದ್ದು ನನಗೆ ಮದುವೆ ಮನೆ ಸೀರಿಯಲ್ ಸೆಟ್ ಥರ. ಒಂದು ಸಂಜೆಗೆ ಚೆಂದ, ದಿನಾ ಬೇಡ.

ನನ್ನ ಉತ್ತರ 1982ರ 'ನೆಬ್ರಾಸ್ಕಾ'.

ಮಜಾ ಏನು ಗೊತ್ತಾ? ಅದನ್ನು ಆಲ್ಬಂ ಅಂತ ಮಾಡಿದ್ದೇ ಅಲ್ಲ. ಹಿಂದಿನ ಆಲ್ಬಂ 'ದ ರಿವರ್' ಸ್ಟುಡಿಯೊದಲ್ಲಿ ಸಿಕ್ಕಾಪಟ್ಟೆ ಟೈಮು, ದುಡ್ಡು ತಿಂದಿತ್ತು. ಈ ಸಲ ಹಾಡುಗಳನ್ನು ಮೊದಲು ಮನೆಯಲ್ಲೇ ರೆಕಾರ್ಡ್ ಮಾಡಿ ಬ್ಯಾಂಡಿನವರಿಗೆ ಕೇಳಿಸೋಣ, ಸ್ಟುಡಿಯೊ ಆಮೇಲೆ ಅನ್ನೋದು ಸ್ಪ್ರಿಂಗ್‌ಸ್ಟೀನ್ ಲೆಕ್ಕ. 1982ರ ಜನವರಿ ಶುರುವಿನಲ್ಲಿ, ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್‌ನ ಬಾಡಿಗೆ ಮನೆಯ ಬೆಡ್‌ರೂಮಿನಲ್ಲಿ ಕೂತರು. ಟಿಯಾಕ್ ಕಂಪನಿಯ ನಾಲ್ಕು ಟ್ರ್ಯಾಕಿನ, ಅಂದರೆ ನಾಲ್ಕು ಸದ್ದನ್ನು ಬೇರೆಬೇರೆಯಾಗಿ ಹಿಡಿಯುವ ಕ್ಯಾಸೆಟ್ ರೆಕಾರ್ಡರ್, ಎರಡು ಮೈಕು. ಅವರ ಗಿಟಾರ್ ನೋಡಿಕೊಳ್ಳುತ್ತಿದ್ದ ಮೈಕ್ ಬಾಟ್ಲನ್ ಯಂತ್ರದ ಮುಂದೆ. ದನಿಗೆ, ಗಿಟಾರಿಗೆ ಎರಡು ಟ್ರ್ಯಾಕ್ ಹೋದರೆ ಉಳಿಯೋದು ಎರಡೇ. ಹಾರ್ಮೋನಿಕಾನೋ ಇನ್ನೊಂದು ದನಿಯೋ ಅಷ್ಟರಲ್ಲೇ ಮುಗಿಯಬೇಕು. ಆಮೇಲೆ ಎಕೋ ಯಂತ್ರದ ಮೂಲಕ ಒಂದು ಪ್ಯಾನಸೋನಿಕ್ ಟೇಪ್ ರೆಕಾರ್ಡರಿಗೆ ಇಳಿಸಿದರು. ಅದು ಹಿಂದೊಮ್ಮೆ ನೀರಿಗೆ ಬಿದ್ದು ಬದುಕಿಕೊಂಡಿದ್ದ ಸೆಟ್ಟು! ಆ ಕ್ಯಾಸೆಟ್ಟನ್ನು ಡಬ್ಬಿಯೂ ಇಲ್ಲದೆ ಜೇಬಿನಲ್ಲಿಟ್ಟುಕೊಂಡೇ ಓಡಾಡಿದರು.

ಸ್ಟುಡಿಯೊದಲ್ಲಿ ಬ್ಯಾಂಡ್ ಜೊತೆ ಅದೇ ಹಾಡುಗಳನ್ನು ನುಡಿಸಿ ನೋಡಿದ್ದೂ ಆಯಿತು. ಸರಿ ಬರಲಿಲ್ಲ. ಕೊನೆಗೆ ಆ ಕ್ಯಾಸೆಟ್ಟೇ ಆಲ್ಬಂ ಅಂತ ತೀರ್ಮಾನ. ಅದರ ಸದ್ದನ್ನು ರೆಕಾರ್ಡ್ ತಟ್ಟೆಗೆ ಹತ್ತಿಸುವುದರಲ್ಲಿ ಎಂಜಿನಿಯರುಗಳು ಸಾಕುಸಾಕಾದರು.

ಕಥೆ ಚೆನ್ನಾಗಿದೆ ಅಂತ ಮಾರ್ಕ್ಸ್ ಕೊಡ್ತಿದ್ದೀಯಲ್ಲಾ ಅಂತ ನೀವು ಕೇಳಬಹುದು. ನ್ಯಾಯವಾದ ಮಾತೇ. ನನಗೂ ಆ ಅನುಮಾನ ಇತ್ತು. ಬ್ಯಾಂಡ್ ನುಡಿಸಿದ್ದನ್ನು ಕೇಳದೆ ಹೇಗೆ ಹೇಳೋದು? 2025ರಲ್ಲಿ ಅದೂ ಹೊರಗೆ ಬಂತು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿದೆ.

'ಅಟ್ಲಾಂಟಿಕ್ ಸಿಟಿ' ತಗೊಳ್ಳಿ. ಸಾಲ ತೀರಿಸಲಾಗದ ಒಬ್ಬ ಯಾರದೋ ಸಣ್ಣ ಕೆಲಸ ಮಾಡಿಕೊಡಲು ಒಪ್ಪಿಕೊಂಡಿದ್ದಾನೆ. ಎಂಥ ಕೆಲಸ ಅಂತ ಬಾಯಿಬಿಟ್ಟು ಹೇಳಲ್ಲ. ಹುಡುಗಿಗೆ ಮಾತ್ರ, ಚೆನ್ನಾಗಿ ರೆಡಿಯಾಗಿ ಊರಿಗೆ ಬಾ ಅಂತಾನೆ. ಬ್ಯಾಂಡ್ ನುಡಿಸಿದ್ದು ಒಳ್ಳೆ ರಾಕ್ ಹಾಡು, ಸುಳ್ಳು ಯಾಕೆ ಹೇಳಲಿ. ಆದರೆ ಹಿಂದೆ ಡ್ರಮ್ಸ್ ಬಿದ್ದ ತಕ್ಷಣ ಇವನು ಗೆದ್ದುಬಿಡ್ತಾನೆ ಅನಿಸುತ್ತೆ. ಕ್ಯಾಸೆಟ್ಟಿನಲ್ಲಿ ಅವನ ಜೊತೆ ಯಾರೂ ಇಲ್ಲ. ಇವನು ವಾಪಸ್ ಬರಲ್ಲ ಅಂತ ಎರಡನೇ ಚರಣಕ್ಕೇ ಗೊತ್ತಾಗುತ್ತೆ.

ಇನ್ನು 'ಹೈವೇ ಪ್ಯಾಟ್ರೋಲ್‌ಮ್ಯಾನ್'. ಅಣ್ಣ ಪೊಲೀಸು, ತಮ್ಮ ಪುಂಡ. ಒಂದು ರಾತ್ರಿ ಹೊಡೆದಾಟ ಆಗುತ್ತೆ, ತಮ್ಮ ಕಾರು ಹತ್ತಿ ಓಡುತ್ತಾನೆ, ಅಣ್ಣ ಬೆನ್ನಟ್ಟುತ್ತಾನೆ. ಕೆನಡಾ ಗಡಿಗೆ ಐದೇ ಮೈಲಿ ಅನ್ನುವಾಗ ಅಣ್ಣ ಕಾರನ್ನು ರಸ್ತೆ ಪಕ್ಕಕ್ಕೆ ಹಾಕಿ ನಿಲ್ಲಿಸಿಬಿಡ್ತಾನೆ. ತಮ್ಮನ ಕಾರಿನ ಹಿಂದಿನ ಲೈಟು ಮರೆಯಾಗುವುದನ್ನು ನೋಡ್ತಾ ಕೂರುತ್ತಾನೆ. ಅಷ್ಟೇ. ಸರಿ ಮಾಡಿದೆನಾ, ತಪ್ಪು ಮಾಡಿದೆನಾ, ಒಂದು ಮಾತಿಲ್ಲ. ದನಿ ಕೂಡ ಏರಲ್ಲ. ಮನೆಯಲ್ಲಿ ಹೆಂಡತಿಗೆ ಏನು ಹೇಳಿದ ಅಂತ ನಾನು ಇವತ್ತಿಗೂ ಯೋಚಿಸ್ತೀನಿ.

ಎಲ್ಲಾ ಹತ್ತು ಹಾಡೂ ಹೀಗೇ ಇವೆ ಅಂತಲ್ಲ. 'ಮೈ ಫಾದರ್ಸ್ ಹೌಸ್' ನನಗೆ ಸ್ವಲ್ಪ ಎಳೆದ ಹಾಗೆ. ಎಲ್ಲರೂ ಒಳಗಿರುವ ಮನೆಯಲ್ಲಿ ಹಾಕೋ ಆಲ್ಬಮ್ಮೂ ಇದಲ್ಲ, ಯಾರಾದರೂ ಬಂದು ಆಫ್ ಮಾಡ್ತಾರೆ. ಎರಡನೇ ಸ್ಥಾನ ಕೇಳಿದರೆ 1978ರ 'ಡಾರ್ಕ್‌ನೆಸ್ ಆನ್ ದಿ ಎಡ್ಜ್ ಆಫ್ ಟೌನ್'. ಅದರ ಬಗ್ಗೆ ಇನ್ನೊಂದು ದಿನ.

ಹೊಸದಾಗಿ ಕೇಳೋರು ಐದನೇ ಹಾಡಿನಿಂದ ಶುರು ಮಾಡಿ, ಈಗ ಹೇಳಿದ ಅಣ್ಣ ತಮ್ಮನದು. ಆರನೆಯದು 'ಸ್ಟೇಟ್ ಟ್ರೂಪರ್'. ಗಿಟಾರ್ ಸುಮ್ನೆ ಒಂದೇ ಸಮ ಗುನುಗುತ್ತಾ ಹೋಗುತ್ತೆ, ಕೊನೆಗೆ ಇದ್ದಕ್ಕಿದ್ದಂತೆ ಒಂದು ಕಿರುಚು. ಹೆಡ್‌ಫೋನ್ ಹಾಕಿದ್ದರೆ ವಾಲ್ಯೂಮ್ ಮೊದಲೇ ಸ್ವಲ್ಪ ಇಳಿಸಿಕೊಳ್ಳಿ.