ಜೀಪಿನ ಅಡಿಯ ಹಸಿರು ನೀರು

ಎಲ್ಲರಿಗೂ ನಮಸ್ಕಾರ. ಕುಯ್ಲು ಮುಗಿಯುವ ಹೊತ್ತು. ಕಣದಲ್ಲಿ ಕಾಫಿ ಹರಡಿಟ್ಟು, ಮೋಡ ಬಂತಾ ಅಂತ ಆಕಾಶ ನೋಡುತ್ತಲೇ ಬಂದಿದ್ದೀರಿ. ಹಾಗಾಗಿ ನೇರ ವಿಷಯಕ್ಕೇ ಬರುತ್ತೇನೆ.

ನಾನು ದನ, ನಾಯಿ ನೋಡುವ ಡಾಕ್ಟರ್. ಇವತ್ತು ಮಾತಾಡುವುದು ಮಾತ್ರ ಗಾಡಿಯ ರೇಡಿಯೇಟರ್‌ಗೆ ಹಾಕುವ ಬಣ್ಣದ ನೀರಿನ ಬಗ್ಗೆ. ನಾವೆಲ್ಲ ಕೂಲೆಂಟ್ ಅನ್ನುತ್ತೇವೆ. ಡಬ್ಬದ ಮೇಲೆ ಆಂಟಿಫ್ರೀಜ್ ಅಂತಲೂ ಬರೆದಿರುತ್ತದೆ. ನೀವು ಒಳಗೆ ಬಂದು ಕೂತ ಮೇಲೆ, ಹೊರಗೆ ನಿಂತಿರುವ ಜೀಪುಗಳ ಎಂಜಿನ್ ಕೆಳಗೆ ಇಲ್ಲಿನ ಹುಡುಗರು ಒಂದೊಂದು ರಟ್ಟಿನ ತುಂಡು ಇಟ್ಟು ಬಂದಿದ್ದಾರೆ. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಜಿಮ್ಮಿಯ ವಿಷಯ.

ನಾನು ಕೆಲಸಕ್ಕೆ ಸೇರಿದ ಹೊಸದು. ವಿರಾಜಪೇಟೆ ಕಡೆಯ ಒಂದು ತೋಟದಿಂದ ಸಂಜೆ ಹೊತ್ತಿಗೆ ಫೋನ್ ಬಂತು. "ಡಾಕ್ಟ್ರೇ, ನಾಯಿ ಕುಡಿದವರ ಹಾಗೆ ತೂರಾಡ್ತಾ ಇದೆ, ಸ್ವಲ್ಪ ಬೇಗ ಬನ್ನಿ" ಅಂದರು ತೋಟದ ಲೆಕ್ಕ ಬರೆಯುವ ರೈಟರ್. ಹೋಗಿ ನೋಡಿದೆ. ಹಿಂಗಾಲು ನೆಲಕ್ಕೆ ನಿಲ್ಲುತ್ತಿಲ್ಲ. ಎರಡು ಸಲ ವಾಂತಿ ಆಗಿದೆ. ಬಕೆಟ್ ನೀರಿಗೆ ಮೂತಿ ಇಟ್ಟರೆ ತೆಗೆಯುವುದೇ ಇಲ್ಲ. ತೋಟದ ನಾಯಿ ಅಂದ ಮೇಲೆ ನಮ್ಮ ತಲೆಗೆ ಮೊದಲು ಬರುವುದು ಹಾವು, ಇಲ್ಲ ಕೀಟನಾಶಕ, ಇಲ್ಲ ಉಣ್ಣಿ ಕಚ್ಚಿ ಬರುವ ಜ್ವರ. ಹಲ್ಲಿನ ಗುರುತು ಹುಡುಕಿದೆ, ಸಿಗಲಿಲ್ಲ. ಸಲೈನ್ ಹಾಕಿ, ಇಂಜೆಕ್ಷನ್ ಕೊಟ್ಟು ಬಂದೆ.

ಮಾರನೇ ದಿನ ಬೆಳಿಗ್ಗೆ ಹೋದಾಗ ಜಿಮ್ಮಿ ಎದ್ದು ನಿಂತು ಬಾಲ ಆಡಿಸಿದ. ಎರಡು ತುತ್ತು ಅನ್ನವನ್ನೂ ತಿಂದ. ಮನೆಯವರಿಗೆಲ್ಲ ಖುಷಿ. ನಾನೂ "ಇನ್ನೇನೂ ಭಯ ಇಲ್ಲ, ಗೆದ್ದುಬಿಟ್ಟ" ಅಂದುಬಿಟ್ಟೆ. ಮೂರನೇ ದಿನ ಮೂತ್ರ ನಿಂತಿತು. ಬಾಯಿಂದ ಕೆಟ್ಟ ವಾಸನೆ, ಒಸಡಿನಲ್ಲಿ ಹುಣ್ಣು. ನಾಲ್ಕನೇ ದಿನ ಬೆಳಗಿನ ಜಾವ ಹೋಯಿತು.

ನಾಯಿಯನ್ನು ಹೂತು ಬರುವಾಗ ಜೀಪ್ ಶೆಡ್ ಪಕ್ಕದಲ್ಲಿ ನಡೆದೆ. ರೇಡಿಯೇಟರ್ ಖಾಲಿ ಮಾಡಿ ಇಟ್ಟಿದ್ದ ಒಂದು ಅಲ್ಯುಮಿನಿಯಂ ಬೇಸಿನ್ ಅಲ್ಲೇ ಇತ್ತು. ಒಳಗೆ ಗಿಣಿ ಹಸಿರಿನ ನೀರು, ಅರ್ಧಕ್ಕಿಂತ ಕಡಿಮೆ. ಸುತ್ತ ಧೂಳಿನಲ್ಲಿ ನಾಯಿಯ ಹೆಜ್ಜೆ. ಬೇಸಿನ್ನಿನ ಅಂಚಿನಲ್ಲಿ ನಾಲಿಗೆ ಒರೆಸಿದ ಗುರುತು ಒಣಗಿ ಅಂಟಂಟಾಗಿತ್ತು. ಆ ಗುರುತು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲ ಸಂಜೆಯೇ ಶೆಡ್ ಕಡೆ ಹೋಗಿ ನೋಡಬೇಕಿತ್ತು. ನೋಡಲಿಲ್ಲ. ತಪ್ಪು ನನ್ನದು.

ಆ ಹಸಿರು ನೀರಿನಲ್ಲಿ ಇರುವುದು ಎಥಿಲೀನ್ ಗ್ಲೈಕಾಲ್. ಅದನ್ನು ಮೊದಲು ತಯಾರಿಸಿದ್ದು ಫ್ರಾನ್ಸಿನ ವುರ್ಟ್ಸ್ ಎಂಬ ರಸಾಯನ ವಿಜ್ಞಾನಿ, 1850ರ ದಶಕದಲ್ಲಿ. ಗ್ಲೂಕೋಸ್, ಗ್ಲಿಸರಿನ್, ಗ್ಲೈಕಾಲ್, ಈ ಹೆಸರುಗಳ ಬೇರು ಗ್ರೀಕ್ ಭಾಷೆಯ "ಸಿಹಿ" ಎಂಬ ಪದದಲ್ಲಿದೆ. ಇದು ನಿಜವಾಗಿಯೂ ಸಿಹಿ. ಬಣ್ಣ ಇಲ್ಲ, ವಾಸನೆಯೂ ಹೆಚ್ಚುಕಡಿಮೆ ಇಲ್ಲ. ಹಸಿರು, ಕೆಂಪು, ನೀಲಿ ಎಲ್ಲ ಕಂಪನಿಯವರು ಸೇರಿಸುವ ಬಣ್ಣ. ಹಾಗಾಗಿ ಬಣ್ಣ ನೋಡಿ ಇದು ವಿಷ, ಇದು ಅಲ್ಲ ಅಂತ ಹೇಳಲಾಗದು.

"ಕೊಡಗಿನಲ್ಲಿ ಎಲ್ಲಿ ಹಿಮ ಬೀಳುತ್ತೆ, ನಮಗ್ಯಾಕೆ ಆಂಟಿಫ್ರೀಜ್?" ಅಂತ ಕೇಳುವವರಿದ್ದಾರೆ. ಸೈನ್ಯದಲ್ಲಿದ್ದು ಬಂದವರು ಈ ಸಭೆಯಲ್ಲಿ ತುಂಬಾ ಜನ ಇದ್ದೀರಿ. ಲಡಾಖ್ ಕಡೆ ಚಳಿಗಾಲದಲ್ಲಿ ಗಾಡಿ ಓಡಿಸಿದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ನೀರು ಮಂಜುಗಡ್ಡೆ ಆಗುವಾಗ ಸುಮಾರು ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಆ ಹಿಗ್ಗುವಿಕೆಗೆ ಎಂಜಿನ್ ಬ್ಲಾಕೇ ಸೀಳಿಹೋಗುತ್ತದೆ. ನೀರು, ಗ್ಲೈಕಾಲ್ ಅರ್ಧರ್ಧ ಬೆರೆಸಿದರೆ ಸೊನ್ನೆಗಿಂತ 35 ಡಿಗ್ರಿ ಕೆಳಗೆ ಹೋದರೂ ಗಟ್ಟಿಯಾಗುವುದಿಲ್ಲ. ಜಾಸ್ತಿ ಹಾಕಿದರೆ ಇನ್ನೂ ಒಳ್ಳೆಯದು ಅಂದುಕೊಳ್ಳಬೇಡಿ. ಬರೀ ಗ್ಲೈಕಾಲ್ ಸೊನ್ನೆಗಿಂತ 13 ಡಿಗ್ರಿ ಕೆಳಗೇ ಗಟ್ಟಿಯಾಗುತ್ತದೆ, ಶಾಖವನ್ನು ಹೊರುವುದರಲ್ಲೂ ಅದು ನೀರಿಗಿಂತ ಹಿಂದೆ.

ನಮಗೆ ಇದು ಬೇಕಾಗುವುದು ಬಿಸಿಗೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರದಲ್ಲಿದೆ. ಈ ಎತ್ತರದಲ್ಲಿ ಅಡುಗೆಮನೆಯ ನೀರು 96 ಡಿಗ್ರಿಗೇ ಕುದಿಯುತ್ತದೆ, ಅದಕ್ಕೇ ಕುಕ್ಕರ್ ಇಲ್ಲದೆ ಬೇಳೆ ಬೇಯಲು ಇಲ್ಲಿ ಜಾಸ್ತಿ ಹೊತ್ತು ಬೇಕು. ಎಂಜಿನ್ ಸುಮ್ನೆ ಓಡುವಾಗಲೇ ಸುಮಾರು 90 ಡಿಗ್ರಿ ಬಿಸಿ ಇರುತ್ತದೆ. ಸಂಪಾಜೆ ಘಾಟಿಯನ್ನು ಲೋಡ್ ಹೊತ್ತು ಹತ್ತುವಾಗ, ಮಾಂದಲಪಟ್ಟಿಗೆ ಫಸ್ಟ್ ಗೇರಿನಲ್ಲಿ ಹೋಗುವಾಗ ಇನ್ನೂ ಮೇಲೆ ಏರುತ್ತದೆ. ಬರೀ ನೀರಿದ್ದರೆ ಕುದಿದು ಹೊಗೆ ಏಳುವುದು ಅದಕ್ಕೇ. ಅರ್ಧರ್ಧ ಕೂಲೆಂಟ್ ಕುದಿಯಬೇಕಾದರೆ ಈ ಎತ್ತರದಲ್ಲೂ 100 ಡಿಗ್ರಿ ದಾಟಬೇಕು, ರೇಡಿಯೇಟರ್ ಮುಚ್ಚಳದ ಒತ್ತಡ ಸೇರಿದರೆ ಇನ್ನೂ ಜಾಸ್ತಿ. ತುಕ್ಕು ಹಿಡಿಯದಂತೆ ತಡೆಯುವ ಮದ್ದೂ ಅದರಲ್ಲೇ ಇರುತ್ತದೆ. ಬೋರ್‌ವೆಲ್ ನೀರಿನ ಬದಲು ಡಿಸ್ಟಿಲ್ಡ್ ವಾಟರ್ ಬೆರೆಸಿ ಅನ್ನುವುದು ಒಳಗೆ ಉಪ್ಪು ಕಟ್ಟಬಾರದು ಅಂತ. ಈಗ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಕೆರೆ ದಂಡೆಯಲ್ಲಿ ಸ್ಪ್ರಿಂಕ್ಲರ್‌ಗೆ ಡೀಸೆಲ್ ಎಂಜಿನ್ ಇಳಿಸುತ್ತೀರಿ. ಅದಕ್ಕೂ ಕೂಲೆಂಟ್ ಬೇಕಾಗಬಹುದು. ಹಾಕಬೇಡಿ ಅಂತ ನಾನು ಹೇಳುತ್ತಿಲ್ಲ, ಖಂಡಿತ ಹಾಕಿ. ಆದರೆ ಅದು ಎಂಜಿನ್ ಒಳಗೇ ಇರಲಿ.

ಹೊರಗೆ ಬಂದರೆ ಏನಾಗುತ್ತದೆ? ಗ್ಲೈಕಾಲ್ ಹೊಟ್ಟೆಗೆ ಇಳಿದಾಗ ಮೊದಲು ಸಾರಾಯಿಯ ಹಾಗೆ ನಶೆ ಏರಿಸುತ್ತದೆ, ಅಷ್ಟೇ. ಕೊಲ್ಲುವುದು ಆಮೇಲಿನ ಕೆಲಸ. ಸಾರಾಯಿಯನ್ನು ಒಡೆಯುವ ಲಿವರಿನ ಕಿಣ್ವವೇ ಇದನ್ನೂ ಒಡೆಯುತ್ತದೆ. ಒಡೆದಾಗ ಆಮ್ಲಗಳು ಹುಟ್ಟುತ್ತವೆ, ಕೊನೆಯದು ಆಕ್ಸಾಲಿಕ್ ಆಮ್ಲ. ಅದು ರಕ್ತದಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗಿ ಕಿಡ್ನಿಯ ಸಣ್ಣ ಸಣ್ಣ ಕೊಳವೆಗಳಲ್ಲಿ ಕೂರುತ್ತದೆ. ಇಂಥ ನಾಯಿಯ ಮೂತ್ರದ ಒಂದು ಹನಿಯನ್ನು ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಹರಳು ಕಾಣುತ್ತವೆ. ಗಾಜಿನ ಚೂರುಗಳ ಹಾಗೆ ಹೊಳೆಯುತ್ತವೆ, ಬೇಲಿಯ ಪಟ್ಟಿಗಳ ಹಾಗೆ ಎರಡೂ ತುದಿ ಚೂಪು. ಅಷ್ಟೊಂದು ಗಾಜು ಕಿಡ್ನಿಯೊಳಗೆ ತುಂಬಿದೆ ಅಂದುಕೊಳ್ಳಿ.

ಎಷ್ಟು ಕುಡಿದರೆ ಅಪಾಯ? ನೀರು ಬೆರೆಸದ ಗ್ಲೈಕಾಲ್ ಆದರೆ, ಬೆಕ್ಕಿನ ತೂಕದ ಪ್ರತಿ ಕಿಲೋಗೆ ಒಂದೂವರೆ ಎಂಎಲ್‌ನಷ್ಟು ಸಾಕು. ಮೂರು ಕಿಲೋ ಬೆಕ್ಕಿಗೆ ಒಂದು ಟೀ ಚಮಚ ತುಂಬ ಬೇಕಾಗಿಲ್ಲ. ಬೆಕ್ಕು ಅದನ್ನು ಕುಡಿಯಲೇಬೇಕು ಅಂತಲೂ ಇಲ್ಲ. ಚೆಲ್ಲಿದ ಜಾಗದಲ್ಲಿ ನಡೆದು, ಆಮೇಲೆ ಒಲೆ ಪಕ್ಕ ಕೂತು ಪಾದ ನೆಕ್ಕಿಕೊಂಡರೂ ವಿಷ ಒಳಗೆ ಹೋಗುತ್ತದೆ. ನಾಯಿಗೆ ಕಿಲೋಗೆ ನಾಲ್ಕೂವರೆ ಎಂಎಲ್‌ನಿಂದಲೇ ಪ್ರಾಣಕ್ಕೆ ಅಪಾಯ. ಹದಿನೈದು ಕಿಲೋ ನಾಯಿಗೆ, ನೀರು ಬೆರೆಸಿದ ರೇಡಿಯೇಟರ್ ಕೂಲೆಂಟ್ ಲೆಕ್ಕದಲ್ಲಿ ಒಂದು ಟೀ ಗ್ಲಾಸಿನಷ್ಟು ಆಯಿತು. ಬೇಸಿಗೆಯಲ್ಲಿ ಬಾಯಾರಿದ ನಾಯಿ ಅಷ್ಟನ್ನು ಎಷ್ಟು ಹೊತ್ತಲ್ಲಿ ಕುಡಿಯುತ್ತೆ ಹೇಳಿ. ಕರುಗಳಿಗೆ, ಕೋಳಿಗಳಿಗೂ ಇದು ವಿಷವೇ.

ಈಗ ಹೇಳುವುದನ್ನು ದಯವಿಟ್ಟು ಗಮನ ಕೊಟ್ಟು ಕೇಳಿ. ಕುಡಿದ ಅರ್ಧ ಗಂಟೆಯಿಂದ ತೂರಾಟ, ವಾಂತಿ, ಬಾಯಾರಿಕೆ, ಪದೇ ಪದೇ ಮೂತ್ರ ಶುರುವಾಗುತ್ತದೆ. ನಾಯಿಯಲ್ಲಿ ಸುಮಾರು ಹನ್ನೆರಡು ಗಂಟೆಯ ಹೊತ್ತಿಗೆ ಈ ನಶೆ ಇಳಿಯುತ್ತದೆ. ಗುಣವಾಯಿತು ಅಂತ ನಮಗೆ ಅನಿಸುವುದು ಆಗಲೇ. ಜಿಮ್ಮಿ ಬಾಲ ಆಡಿಸಿದ್ದು ಆಗಲೇ. ಆದರೆ ಒಳಗೆ ಆಮ್ಲದ ಕೆಲಸ ನಡೆಯುತ್ತಾ ಇರುತ್ತದೆ. ಒಂದರಿಂದ ಮೂರು ದಿನದೊಳಗೆ ಕಿಡ್ನಿ ನಿಲ್ಲುತ್ತದೆ. ಬೆಕ್ಕಿಗೆ ಇನ್ನೂ ಬೇಗ, ಒಂದು ದಿನದೊಳಗೇ.

ಮದ್ದು ಇದೆ. ಫೋಮೆಪಿಜೋಲ್ ಅಂತ ಒಂದು ಇಂಜೆಕ್ಷನ್. ಅದು ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಗ್ಲೈಕಾಲ್ ಒಡೆಯದೆ ಹಾಗೇ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಹಳೆಯ ಮದ್ದು ಎಥನಾಲ್, ಅದನ್ನು ಡಾಕ್ಟರ್ ಅಳತೆ ಮಾಡಿ ರಕ್ತನಾಳಕ್ಕೆ ಕೊಡುತ್ತಾರೆ. ಎರಡಕ್ಕೂ ಸಮಯದ ಮಿತಿ ಇದೆ. ನಾಯಿಗೆ ಎಂಟರಿಂದ ಹನ್ನೆರಡು ಗಂಟೆಯೊಳಗೆ, ಬೆಕ್ಕಿಗೆ ಮೂರು ಗಂಟೆಯೊಳಗೆ. ಹರಳು ಕೂತ ಮೇಲೆ ಈ ಮದ್ದುಗಳಿಂದ ಹೆಚ್ಚು ಪ್ರಯೋಜನ ಇಲ್ಲ.

ಎಥನಾಲ್ ಅಂದ ತಕ್ಷಣ ಮನೆಯ ಕಪಾಟಿನಲ್ಲಿರುವ ರಮ್ ನೆನಪಾಗುವುದು ಸಹಜ. ದಯವಿಟ್ಟು ಕುಡಿಸಬೇಡಿ. ನಶೆಯಲ್ಲಿರುವ ನಾಯಿಯ ಗಂಟಲಿಗೆ ಏನು ಹೊಯ್ದರೂ ಶ್ವಾಸಕೋಶಕ್ಕೆ ಇಳಿಯಬಹುದು. ವಾಂತಿ ಮಾಡಿಸಲು ಉಪ್ಪು ನೀರು ಕೊಡುವುದೂ ಬೇಡ. ನಾಯಿಯನ್ನು ಜೀಪಿಗೆ ಹಾಕಿ, ಕೂಲೆಂಟ್ ಡಬ್ಬವನ್ನೂ ಜೊತೆಗೆ ಇಟ್ಟುಕೊಂಡು ಪಶು ಆಸ್ಪತ್ರೆಗೆ ಹೊರಡಿ. ಎಷ್ಟು ಗಂಟೆಗೆ ಕುಡಿದಿರಬಹುದು ಅಂತ ಯೋಚಿಸಿಕೊಂಡು ಬನ್ನಿ. "ನೋಡೋಣ, ಬೆಳಿಗ್ಗೆ ಹೇಗಿರುತ್ತೋ" ಅನ್ನಬೇಡಿ. ಬೆಳಿಗ್ಗೆ ಅದು ಚೆನ್ನಾಗಿಯೇ ಕಾಣುತ್ತದೆ.

ಮಕ್ಕಳ ವಿಷಯವನ್ನೂ ಹೇಳಬೇಕು. ತೋಟದ ಕೆಲಸಗಾರರ ಲೈನ್ ಮನೆಗಳ ಹತ್ತಿರ ಶೆಡ್ ಇರುವ ತೋಟಗಳು ಬೇಕಾದಷ್ಟಿವೆ. ಉಳಿದ ಕೂಲೆಂಟನ್ನು ಜ್ಯೂಸ್ ಬಾಟಲಿಗೆ ತುಂಬಿಡುವ ಅಭ್ಯಾಸ ನಾನು ಕಣ್ಣಾರೆ ನೋಡಿದ್ದೇನೆ. 2022ರಲ್ಲಿ ಗ್ಯಾಂಬಿಯಾ ದೇಶದಲ್ಲಿ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಕಿಡ್ನಿ ಹೋಗಿ ಸತ್ತ ಸುದ್ದಿ ಓದಿರುತ್ತೀರಿ. ಆ ಸಿರಪ್‌ಗಳಲ್ಲಿ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಡೈಎಥಿಲೀನ್ ಗ್ಲೈಕಾಲ್ ಮತ್ತು ಇದೇ ಎಥಿಲೀನ್ ಗ್ಲೈಕಾಲ್. ಮಗುವಿಗೆ ಹಸಿರು ಶರಬತ್ತು ಯಾವುದು, ಇದು ಯಾವುದು ಅಂತ ಹೇಗೆ ಗೊತ್ತಾಗಬೇಕು? ಕೂಲೆಂಟ್ ಅದರ ಡಬ್ಬದಲ್ಲೇ ಇರಲಿ, ಬೀಗ ಇರುವ ಕಪಾಟಿನಲ್ಲಿ ಇರಲಿ. ಕೆಲವು ಕೂಲೆಂಟ್‌ಗಳಿಗೆ ಕಹಿ ಸೇರಿಸಿರುತ್ತಾರೆ, ಆದರೆ ಬಾಯಾರಿದ ನಾಯಿ ಕಹಿಗೆ ನಿಲ್ಲುತ್ತೆ ಅಂತ ನಂಬಿ ಕೂರಬೇಡಿ. ಪ್ರೊಪಿಲೀನ್ ಗ್ಲೈಕಾಲ್ ಎಂಬ ಇನ್ನೊಂದು ಬಗೆಯ ಕೂಲೆಂಟ್ ಇದೆ, ವಿಷ ತುಂಬಾ ಕಡಿಮೆ. ಸಿಕ್ಕರೆ, ಗಾಡಿಗೆ ಹೊಂದಿದರೆ ಅದನ್ನೇ ಹಾಕಿಸಿ.

ಇನ್ನು ಹಳೆಯದನ್ನು ಏನು ಮಾಡುವುದು ಅನ್ನುವ ಪ್ರಶ್ನೆ. ನಮ್ಮಲ್ಲಿ ಸಾಮಾನ್ಯವಾಗಿ ಚರಂಡಿಗೆ ಬಿಡುತ್ತೇವೆ, ಇಲ್ಲ ಕಾಫಿ ಗಿಡದ ಬುಡಕ್ಕೆ ಚೆಲ್ಲುತ್ತೇವೆ. ನಿಜ ಹೇಳಬೇಕೆಂದರೆ ಗ್ಲೈಕಾಲ್ ಮಣ್ಣಿನಲ್ಲಿ ಶಾಶ್ವತವಾಗಿ ಉಳಿಯುವುದಿಲ್ಲ. ಮಣ್ಣಿನ, ನೀರಿನ ಬ್ಯಾಕ್ಟೀರಿಯಾ ಅದನ್ನು ಕೆಲವು ದಿನ, ವಾರಗಳಲ್ಲಿ ತಿಂದು ಮುಗಿಸುತ್ತವೆ. ಆದರೆ ತಿನ್ನುವಾಗ ನೀರಿನಲ್ಲಿರುವ ಆಮ್ಲಜನಕವನ್ನೂ ಖಾಲಿ ಮಾಡುತ್ತವೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿರುವ ತೋಡಿಗೆ, ಅಂದರೆ ಹಳ್ಳಕ್ಕೆ, ಒಂದು ರೇಡಿಯೇಟರ್ ಸುರಿದರೆ ಮೀನು ಉಸಿರುಕಟ್ಟಿ ಸಾಯಬಹುದು. ಮೇಲಾಗಿ ಬಳಸಿದ ಕೂಲೆಂಟಿನಲ್ಲಿ ರೇಡಿಯೇಟರ್ ಬೆಸುಗೆಯ ಸೀಸ, ಪೈಪುಗಳ ತಾಮ್ರ ಸೇರಿರುತ್ತವೆ. ಆ ಲೋಹಗಳನ್ನು ಯಾವ ಬ್ಯಾಕ್ಟೀರಿಯಾವೂ ಕರಗಿಸಿ ಮುಗಿಸುವುದಿಲ್ಲ. ನಮ್ಮ ತೋಡುಗಳ ನೀರು ಬಹುಪಾಲು ಸೇರುವುದು ಕಾವೇರಿಗೆ. ಅದೇ ನೀರನ್ನು ಮೈಸೂರು, ಬೆಂಗಳೂರು ಕುಡಿಯುತ್ತವೆ. ತಲಕಾವೇರಿಯಲ್ಲಿ ತೀರ್ಥ ಹಿಡಿದು ಬರುವ ಕೈಯಲ್ಲೇ ಇದನ್ನೂ ಸುರಿಯುತ್ತೇವೆ ಅನ್ನುವುದು ನನಗೆ ನೋವಿನ ವಿಷಯ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ ಮುಚ್ಚಳ ತೆಗೆಯಿರಿ, ಬಿಸಿ ಇದ್ದರೆ ಮುಖಕ್ಕೇ ಚಿಮ್ಮುತ್ತದೆ. ಕೆಳಗೆ ಅಗಲ ಟ್ರೇ ಇಟ್ಟು ಹಳೇ ಕೂಲೆಂಟ್ ಇಳಿಸಿ, ಮುಗಿಯುವವರೆಗೆ ಅಲ್ಲೇ ನಿಲ್ಲಿ. ಟೀ ಕುಡಿದು ಬರುತ್ತೇನೆ ಅಂತ ಹೋದ ಹೊತ್ತಲ್ಲೇ ನಾಯಿ ಬರುವುದು. ಲಾಳಿಕೆ ಇಟ್ಟು ಹಳೇ ಕೂಲೆಂಟ್ ಡಬ್ಬಕ್ಕೆ ತುಂಬಿ, ಮುಚ್ಚಳ ಬಿಗಿ ಮಾಡಿ, "ಹಳೇ ಕೂಲೆಂಟ್, ವಿಷ" ಅಂತ ದಪ್ಪಗೆ ಬರೆಯಿರಿ. ಬೇಲಿ ಕಂಬಕ್ಕೆ ಬಳಿಯಲು ಇಟ್ಟ ಹಳೇ ಎಂಜಿನ್ ಆಯಿಲ್ ಜೊತೆ ಬೆರೆಸಬೇಡಿ, ಬೆರೆಸಿದರೆ ಎರಡನ್ನೂ ಮರುಬಳಕೆ ಮಾಡುವುದು ಕಷ್ಟವಾಗುತ್ತದೆ. ನೆಲಕ್ಕೆ ಚೆಲ್ಲಿದ್ದರೆ ಮರದ ಹುಡಿ ಇಲ್ಲ ಮರಳು ಹಾಕಿ ಹೀರಿಸಿ, ಗುಡಿಸಿ, ಆ ಹುಡಿಯನ್ನೂ ಮುಚ್ಚಿದ ಡಬ್ಬದಲ್ಲೇ ಹಾಕಿ. ಹಾಗೇ ಬಿಟ್ಟರೆ ನಾಯಿ ಅದನ್ನೂ ನೆಕ್ಕುತ್ತದೆ.

ಡಬ್ಬ ತುಂಬಿದ ಮೇಲೆ ಸರ್ವೀಸ್ ಸೆಂಟರಿನವರನ್ನು ಕೇಳಿ, ತೆಗೆದುಕೊಳ್ಳುತ್ತಾರಾ ಅಂತ. ಆಗಲ್ಲ ಅಂದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರನ್ನು ಕೇಳಿ, ಪರವಾನಗಿ ಇರುವವರು ಯಾರು ಅಂತ ಹೇಳುತ್ತಾರೆ. ಒಂದೊಂದು ತೋಟದ್ದು ಕೆಲವೇ ಲೀಟರ್ ಅಷ್ಟೇ, ಅಷ್ಟಕ್ಕೆ ಯಾರೂ ಗಾಡಿ ಕಳಿಸುವುದಿಲ್ಲ. ಅದಕ್ಕೇ ಒಂದು ಮನವಿ. ನಿಮ್ಮ ಸಹಕಾರ ಸಂಘದ ಗೋದಾಮಿನ ಮೂಲೆಯಲ್ಲಿ ಬೀಗ ಹಾಕಿದ ಒಂದು ಡ್ರಮ್ ಇಡಿ. ಊರಿನ ಜೀಪು, ಟ್ರ್ಯಾಕ್ಟರ್, ಪಂಪ್‌ಸೆಟ್ ಎಲ್ಲದರದ್ದೂ ಅಲ್ಲಿ ಸೇರಲಿ, ವರ್ಷಕ್ಕೊಮ್ಮೆ ಒಟ್ಟಿಗೆ ಕಳಿಸೋಣ. ಅಧ್ಯಕ್ಷರು ಇಲ್ಲೇ ಕೂತಿದ್ದಾರೆ, ಇವತ್ತೇ ಮಾತಾಡಿಕೊಂಡು ಹೋಗೋಣ.

ಈಗ ಆ ರಟ್ಟಿನ ವಿಷಯ. ಎಲ್ಲರೂ ಹೊರಗೆ ಬನ್ನಿ. ನಿಮ್ಮ ಗಾಡಿ ಕೆಳಗಿನ ರಟ್ಟು ಎಳೆದು ನೋಡಿ. ಕಪ್ಪು ಕಲೆ ಇದ್ದರೆ ಎಂಜಿನ್ ಆಯಿಲ್. ಬಣ್ಣ ಇಲ್ಲದ ನೀರಾದರೆ ಏಸಿಯದ್ದು ಇರಬಹುದು. ಹಸಿರೋ, ಕೆಂಪೋ, ಬೆರಳಿಗೆ ಜಾರುವ ಹಾಗೆ ಅಂಟಂಟಾಗಿದ್ದರೆ ಅದು ಕೂಲೆಂಟ್ ಇರಬಹುದು, ಹೋಸ್ ಕ್ಲಿಪ್ ಸಡಿಲ ಆಗಿರಬಹುದು, ಇಲ್ಲ ವಾಟರ್ ಪಂಪ್ ಸೋರುತ್ತಿರಬಹುದು. ಬೆರಳನ್ನು ಸೋಪು ಹಾಕಿ ತೊಳೆದುಕೊಳ್ಳಿ, ಆ ರಟ್ಟನ್ನು ನನ್ನ ಕೈಗೆ ಕೊಡಿ. ಮೆಕ್ಯಾನಿಕ್ ಹುಡುಗ ಸ್ಪ್ಯಾನರ್ ಹಿಡಿದು ಗೇಟ್ ಹತ್ತಿರ ನಿಂತಿದ್ದಾನೆ, ಕ್ಲಿಪ್ ಬಿಗಿ ಮಾಡಿಸಿಕೊಂಡೇ ಮನೆಗೆ ಹೊರಡಿ.