ಹಳೇ ಕಾರಿಗೆ ಹೊಸ ಸ್ಪೀಕರ್: ಡಬ್ಬದ ಮೇಲಿನ ವ್ಯಾಟ್ ನೋಡಬೇಡಿ

ನಮಸ್ಕಾರ. ಹಳೇ ಕಾರಿಗೆ ಹೊಸ ಸ್ಪೀಕರ್ ಹಾಕಿಸಲು ಹೊರಟವರ ಕಣ್ಣು ಮೊದಲು ಹೋಗುವುದು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದ ವ್ಯಾಟ್ ಮೇಲೆ. 300 ವ್ಯಾಟ್, 400 ವ್ಯಾಟ್. ಜಾಸ್ತಿ ಇದ್ದರೆ ಜಾಸ್ತಿ ಸೌಂಡು ಅಲ್ವಾ? ಅಲ್ಲ. ದಯವಿಟ್ಟು ಆ ನಂಬರ್ ಮರೆತುಬಿಡಿ.

ಆ ಸ್ಪೀಕರ್ ಸುಟ್ಟುಹೋಗದೆ ಎಷ್ಟು ತಡೆದುಕೊಳ್ಳುತ್ತದೆ ಅನ್ನುವ ಲೆಕ್ಕ ಅದು, ಅದೂ ಬರೀ ಒಂದು ಕ್ಷಣದ ಮಟ್ಟಿಗೆ. ಇನ್ನು ನಿಮ್ಮ ಕಾರಿನ ಸ್ಟೀರಿಯೋ ಮೇಲೆ 50x4, ಅಂದರೆ ನಾಲ್ಕು ಸ್ಪೀಕರಿಗೆ ತಲಾ 50 ವ್ಯಾಟ್, ಅಂತ ಬರೆದಿದ್ದರೂ, ಬೇರೆ ಆಂಪ್ಲಿಫೈಯರ್ ಇಲ್ಲದಿದ್ದರೆ ಒಂದೊಂದು ಸ್ಪೀಕರಿಗೆ ನಿಜವಾಗಿ ಸಿಗುವುದು ಹೆಚ್ಚುಕಡಿಮೆ 15ರಿಂದ 20 ವ್ಯಾಟ್ ಆರ್‌ಎಂಎಸ್, ಅಂದರೆ ಸತತವಾಗಿ ಸಿಗುವ ಪವರ್. ಅಷ್ಟರಲ್ಲೇ ಚೆನ್ನಾಗಿ ಹಾಡುವ ಸ್ಪೀಕರ್ ನಮಗೆ ಬೇಕು. ಅದಕ್ಕೆ ನೋಡಬೇಕಾದದ್ದು ಸೆನ್ಸಿಟಿವಿಟಿ, ಅಂದರೆ ಕೊಟ್ಟ ಪವರಿಗೆ ಸ್ಪೀಕರ್ ಎಷ್ಟು ಜೋರಾಗಿ ಹಾಡುತ್ತದೆ ಅನ್ನುವುದು. ಡಬ್ಬದ ಪಕ್ಕದಲ್ಲಿ ಸಣ್ಣಕ್ಷರದಲ್ಲಿ, ಡಿಬಿ (ಡೆಸಿಬೆಲ್, ಶಬ್ದದ ಅಳತೆ) ಲೆಕ್ಕದಲ್ಲಿ ಇರುತ್ತದೆ. 3 ಡಿಬಿ ಜಾಸ್ತಿ ಇದ್ದರೆ ಅಷ್ಟೇ ಶಬ್ದಕ್ಕೆ ಅರ್ಧ ಪವರ್ ಸಾಕು. ಅಂದರೆ 92 ಡಿಬಿ ಸ್ಪೀಕರಿಗೆ 20 ವ್ಯಾಟ್ ಕೊಟ್ಟರೆ ಬರುವ ಶಬ್ದ, 89 ಡಿಬಿ ಸ್ಪೀಕರಿನಿಂದ ಬರಬೇಕಾದರೆ 40 ವ್ಯಾಟ್ ಬೇಕು. ಆ 40 ನಿಮ್ಮ ಸ್ಟೀರಿಯೋದಲ್ಲಿ ಇಲ್ಲವೇ ಇಲ್ಲ. ಆದರೆ ಒಂದು ಎಚ್ಚರ, ಎಲ್ಲ ಕಂಪನಿಗಳೂ ಇದನ್ನು ಒಂದೇ ರೀತಿ ಅಳೆಯುವುದಿಲ್ಲ. ಹಾಗಾಗಿ 1 ವ್ಯಾಟ್, 1 ಮೀಟರ್ (1 ವ್ಯಾಟ್ ಕೊಟ್ಟು 1 ಮೀಟರ್ ದೂರದಿಂದ ಅಳೆದದ್ದು) ಅಂತ ಬರೆದಿದೆಯಾ ನೋಡಿಕೊಂಡೇ ಹೋಲಿಸಿ.

ಆಮೇಲೆ ಓಮ್ಸ್, ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ. ಹಳೇ ಸ್ಪೀಕರಿನ ಹಿಂದೆ ಬರೆದಿರುತ್ತದೆ. ಅಳಿಸಿಹೋಗಿದ್ದರೆ ಮಲ್ಟಿಮೀಟರ್ ಹಿಡಿಯಿರಿ, 4 ಓಮ್ಸ್ ಸ್ಪೀಕರ್ ಮೂರೂವರೆ ಆಸುಪಾಸು ತೋರಿಸುತ್ತದೆ. ಹಳೇ ಸ್ಟೀರಿಯೋ 8 ಓಮ್ಸ್‌ಗೆ ಅಂತ ಮಾಡಿದ್ದಾದರೆ ಅದಕ್ಕೆ 4 ಓಮ್ಸ್ ಸ್ಪೀಕರ್ ಹಾಕಬೇಡಿ. ಒಳಗಿನ ಆಂಪ್ಲಿಫೈಯರ್ ಬಿಸಿಯಾಗಿ ಕೈಕೊಡಬಹುದು.

ಈಗ ನನಗೆ ತುಂಬಾ ಮುಖ್ಯ ಅನಿಸುವ ವಿಷಯ, ಬಾಗಿಲು. ಹಳೇ ಕಾರಿನ ಬಾಗಿಲ ಪ್ಯಾನೆಲ್ ಬಿಚ್ಚಿ ನೋಡಿ. ಸ್ಪೀಕರಿನ ಅಂಚಿನ ಫೋಮ್ ಬೆರಳು ತಾಗಿದರೆ ಸಾಕು, ಅಂಟಂಟಾಗಿ ಕಿತ್ತುಕೊಂಡು ಬರುತ್ತದೆ. ಅದರ ಹಿಂದೆ ತಗಡಿನಲ್ಲಿ ಅಂಗೈ ತೂರುವಷ್ಟು ದೊಡ್ಡ ತೂತುಗಳು. ಎಷ್ಟೇ ದುಬಾರಿ ಸ್ಪೀಕರ್ ಹಾಕಿದರೂ ಬೇಸ್ ಬರದೇ ಇರುವುದು ಈ ತೂತುಗಳಿಂದ. ಕೋನ್ (ಸ್ಪೀಕರಿನಲ್ಲಿ ಹಿಂದೆ ಮುಂದೆ ಅದುರುವ ಭಾಗ) ಮುಂದಕ್ಕೆ ಗಾಳಿ ತಳ್ಳುವಾಗ ಹಿಂದಿನಿಂದ ಎಳೆಯುತ್ತಿರುತ್ತದೆ, ಎರಡೂ ತೂತಿನ ಮೂಲಕ ಸೇರಿಕೊಂಡರೆ ಬೇಸ್ ಅಲ್ಲೇ ಸತ್ತುಹೋಗುತ್ತದೆ. ನಂಬಿಕೆ ಬರದಿದ್ದರೆ ಹಾಡುತ್ತಿರುವ ಸ್ಪೀಕರನ್ನು ಸುಮ್ನೆ ಕೈಯಲ್ಲಿ ಎತ್ತಿ ಹಿಡಿಯಿರಿ, ಕೀರಲು ದನಿ ಮಾತ್ರ ಬರುತ್ತದೆ. ಅದೇ ಸ್ಪೀಕರನ್ನು ಅದರ ಅಳತೆಗೆ ತೂತು ಕೊರೆದ ಒಂದು ದೊಡ್ಡ ರಟ್ಟಿಗೆ ಒತ್ತಿ ಹಿಡಿಯಿರಿ. ತಬಲದ ಪೆಟ್ಟು ತಟ್ಟನೆ ತುಂಬಿಕೊಳ್ಳುತ್ತದೆ. ರಟ್ಟು ಮಾಡುವ ಈ ಕೆಲಸವನ್ನೇ ಬಾಗಿಲು ಮಾಡಬೇಕು. ಹಾಗಾಗಿ ದುಡ್ಡಿನಲ್ಲಿ ಒಂದು ಪಾಲು ಎತ್ತಿಟ್ಟು ಡ್ಯಾಂಪಿಂಗ್ ಶೀಟ್ (ತಗಡಿನ ಅದುರು ತಡೆಯುವ ಅಂಟುಹಾಳೆ) ತಂದು ಆ ತೂತುಗಳನ್ನು ಮುಚ್ಚಿ, ಸ್ಪೀಕರಿನ ಸುತ್ತ ಫೋಮ್ ಪಟ್ಟಿ ಕೊಡಿ. ಬಾಗಿಲ ಕೆಳಗೆ ನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ, ಅವನ್ನು ಮಾತ್ರ ಮುಚ್ಚಬೇಡಿ, ತುಕ್ಕು ಹಿಡಿಯುತ್ತದೆ.

ಅಗಲ ಅಳೆಯುವುದು ಎಲ್ಲರಿಗೂ ಗೊತ್ತು, ಆಳ ಅಳೆಯುವುದನ್ನು ಮರೆಯುತ್ತಾರೆ. ಕಿಟಕಿ ಗಾಜನ್ನು ಪೂರ್ತಿ ಕೆಳಗಿಳಿಸಿ, ಸ್ಪೀಕರ್ ಕೂರುವ ಜಾಗದಿಂದ ಗಾಜಿನವರೆಗೆ ಸ್ಕೇಲ್ ಹಿಡಿದು ನೋಡಿ. ಇಲ್ಲದಿದ್ದರೆ ಗಾಜು ಇಳಿದು ಮ್ಯಾಗ್ನೆಟ್‌ಗೆ ಬಡಿಯುತ್ತದೆ.

ದುಡ್ಡು ಕಡಿಮೆ ಇದ್ದರೆ ನಾಲ್ಕು ಸಾಧಾರಣ ಸ್ಪೀಕರಿಗಿಂತ ಮುಂದಿನ ಬಾಗಿಲಿಗೆ ಎರಡು ಒಳ್ಳೇದು ತಗೊಳ್ಳಿ. ಡ್ರೈವರ್‌ಗೆ ಕೇಳುವುದು ಹೆಚ್ಚಾಗಿ ಅವೇ. ಟ್ವೀಟರ್ (ತಾರಕ ದನಿಯ ಚಿಕ್ಕ ಸ್ಪೀಕರ್) ಕೂರಿಸಲು ಮೇಲೆ ಜಾಗ ಇದ್ದರೆ ಅದು ಬೇರೆಯಾಗಿ ಬರುವ ಕಾಂಪೊನೆಂಟ್, ಇಲ್ಲದಿದ್ದರೆ ಅದು ಸ್ಪೀಕರಿನ ನಡುವೆಯೇ ಕೂತಿರುವ ಕೊಯಾಕ್ಸಿಯಲ್. ಜಾಗ ಇಲ್ಲ ಅಂತ ಹಳೇ ಡ್ಯಾಶ್‌ಬೋರ್ಡ್ ಕೊರೆಯಲು ಹೋಗಬೇಡಿ, ಅಂಥದ್ದು ಮತ್ತೆ ಸಿಗುವುದಿಲ್ಲ.

ಪ್ಯಾನೆಲ್ ಮುಚ್ಚುವ ಮುಂಚೆ ಪ್ಲಸ್ ಮೈನಸ್ ನೋಡಿಕೊಳ್ಳಿ. ಹಳೇ ವೈರಿನ ಬಣ್ಣ ನಂಬುವ ಹಾಗಿಲ್ಲ. ಸ್ಟೀರಿಯೋ ಕಡೆಯಿಂದ ವೈರ್ ಬಿಚ್ಚಿ, ಒಂದೂವರೆ ವೋಲ್ಟಿನ ಸೆಲ್ ಒಂದು ಕ್ಷಣ ತಾಗಿಸಿ. ಕೋನ್ ಮುಂದಕ್ಕೆ ಬಂದರೆ ಸೆಲ್ಲಿನ ಪ್ಲಸ್ ತಾಗಿರುವ ವೈರೇ ಪ್ಲಸ್. ಎಡಕ್ಕೂ ಬಲಕ್ಕೂ ಹೀಗೇ ನೋಡಿ ಗುರುತು ಹಾಕಿಕೊಂಡು ಆಮೇಲೆ ಸ್ಕ್ರೂ ಬಿಗಿಯಿರಿ.